ಕಸದ ಗಾಡಿ ಅಣ್ಣಗ ಪಗಾರ ಯಾರು ಕೊಡ್ತಾರ?

ನಿಮ್ಮ ಓಣಿಗೆ ಕಸದ ಗಾಡಿ ಬರ್ತದಲ್ರಿ,
ಅದನ್ನ ಓಡಿಸೋ ಅಣ್ಣ ಯಾರ ನೌಕರ?
ಹಾವೇರಿ, ರಾಣೆಬೆನ್ನೂರು ನಗರಸಭೆ? ಬ್ಯಾಡಗಿ ಪುರಸಭೆ?

ಗಾಡಿ ಮ್ಯಾಲೆ ಹೆಸರು ಊರಿಂದು.
ಆದ್ರ ರಾಜ್ಯದಾಗ ಇಂಥ ಚಾಲಕರು, ಲೋಡರ್‌ಗಳು
ಬಹಳ ಮಂದಿ ಹೊರಗುತ್ತಿಗೆ.

ಬಾಡಿಗೆ ಎತ್ತಿನ ಹಂಗ.
ದುಡಿಯೋದು ಒಬ್ಬರ ಹೊಲದಾಗ,
ಮೇವಿನ ಹೊಣೆ ಇನ್ನೊಬ್ಬರದು.
ಪಗಾರ ತಡ ಆದ್ರ ಯಾರನ್ನ ಕೇಳಬೇಕು?

ಬೀದಿ ಗುಡಿಸೋರಿಗೆ ಗುತ್ತಿಗೆದಾರ ಇಲ್ದ ನೇರ ಪಾವತಿ ಬಂತು.
2022ರ ಜುಲೈನಾಗ ಅವರು ಮಾಡಿದ ಮುಷ್ಕರದಿಂದ
ಕಾಯಂ ಮಾಡೋ ಭರವಸೆನೂ ಸಿಕ್ತು.
ಅದೇ ಕಸ ಹೊರೋ ಈ ಚಾಲಕರು, ಲೋಡರ್‌ಗಳು ಆಗ ಹೊರಗೇ ಉಳಿದ್ರು.
ಇದು ನ್ಯಾಯ ಅಲ್ರಿ.

ಬ್ಯಾಡಗಿ ಮೆಣಸಿನಕಾಯಿ ಸೀಸನ್‌ನಾಗ
ಘಾಟಿಗೆ ನಾವು ಮೂಗು ಮುಚ್ಕೊಂಡು ಓಡ್ತೀವಿ.
ಅದೇ ಘಾಟಿನಾಗ
ಬರಿಗೈಲೆ ಒಡೆದ ಗಾಜು ಆರಿಸೋರು ಇವರು.

ನಾಳೆ ಗಾಜನ್ನ ಪೇಪರ್‌ನಾಗ ಸುತ್ತಿ,
ಬ್ಯಾರೆ ಮಾಡಿ ಕೊಡ್ರಿ.
ಹಂಗ ಒಂದ್ ಮಾತು ಕೇಳ್ರಿ:
"ಅಣ್ಣಾ, ಈ ತಿಂಗಳ ಪಗಾರ ಆತೇನು?"