ಹೊಳಪಿನ ಮೇಲಿನ ಮುಸುಕು

ಕಾಸರಗೋಡಿನ ಗುಡ್ಡಗಳಲ್ಲಿ ರಬ್ಬರ್ ತೋಟವುಳ್ಳವರಿಗೆ ಇದು ಪರಿಚಿತ ನೋಟ. ಹಾಲು ತೆಗೆಯುವಾತನು ಮರದ ಬಳಿಗೆ ಬಂದೊಡನೆ ಕತ್ತಿ ಹಾಕುವುದಿಲ್ಲ. ಹಿಂದಿನ ಸಲ ಕೊಯ್ದ ಗೆರೆಯಲ್ಲಿ ಒಣಗಿ ನಿಂತ ಹಾಲಿನ ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ, ಮೆಲ್ಲನೆ ಎಳೆಯುತ್ತಾನೆ. ಪಟ್ಟಿಯು ನಡುವೆ ಹರಿಯದೆ ಉದ್ದಕ್ಕೂ ಕಿತ್ತು ಬರುತ್ತದೆ. ಅದೇ ಹಾಲು ತೊಗಟೆಯ ಮೇಲೆ ತೆಳ್ಳಗೆ ಸೋರಿ ಒಣಗಿದ್ದಲ್ಲಿ ಮಾತ್ರ ಹಾಗೆ ಎಳೆಯಲಾಗದು. ಚೂರುಚೂರಾಗಿ ಹರಿಯುತ್ತದೆ, ಕೆರೆದೇ ತೆಗೆಯಬೇಕಾಗುತ್ತದೆ. ರಬ್ಬರಿನ ಈ ಸ್ವಭಾವವನ್ನು ಬಲ್ಲವರಿಗೆ ಪ್ರಸ್ತುತ ಲೇಖನದ ವಿಷಯದಲ್ಲಿ ಅರ್ಧ ಪಾಠವಾದಂತೆಯೇ ಸರಿ.

ವಾಹನದ ಹೊಳೆಯುವ ಅಂಚುಪಟ್ಟಿ, ಮುಂಭಾಗದ ಜಾಲರಿ, ಬಂಪರು, ಚಕ್ರ ಇವುಗಳ ಮೇಲೆ ಕಪ್ಪು ಅಥವಾ ಬೂದು ಬಣ್ಣದ ರಬ್ಬರ್ ಲೇಪವನ್ನು ಸಿಂಪಡಿಸಿಕೊಳ್ಳುವ ರೂಢಿಯು ಅಮೆರಿಕದಲ್ಲಿ ಸುಮಾರು ೨೦೧೦ರ ಬಳಿಕ ಬಹುವಾಗಿ ಹಬ್ಬಿತು. ಅಲ್ಲಿ ಪಿಕಪ್ ಟ್ರಕ್ಕೆಂಬುದು ಸರಕು ಸಾಗಿಸುವ ಗಾಡಿ ಮಾತ್ರವಲ್ಲ, ಸಂಸಾರದ ವಾಹನವೂ ಹೌದು. ಕಾರ್ಖಾನೆಯವರು ಅದಕ್ಕೆ ಕ್ರೋಮಿನ ಅಲಂಕಾರವನ್ನು ಧಾರಾಳವಾಗಿ ತೊಡಿಸಿ ಕಳುಹಿಸುತ್ತಾರೆ. ತರುಣ ಮಾಲೀಕನಿಗೋ ಆ ಥಳಕು ಬೇಡ, ಕಪ್ಪೇ ಚೆಂದ. ಡಬ್ಬಿಯಿಂದ ಸಿಂಪಡಿಸಿದರಾಯಿತು, ಬೇಸರವಾದಾಗ ಸುಲಿದರಾಯಿತು ಎಂಬ ಭರವಸೆಯೇ ಈ ಲೇಪದ ದೊಡ್ಡ ಆಕರ್ಷಣೆ. ಈ ಡಬ್ಬಿಗಳು ಈಗ ನಮ್ಮ ದೇಶದಲ್ಲಿಯೂ ದೊರೆಯುತ್ತವೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ನಮ್ಮ ಮನೆಮಕ್ಕಳಿಗೂ ಇಂತಹ ವಾಹನಗಳ ಬಳಕೆಯುಂಟು. ಹಳೆಯ ಗಾಡಿಯನ್ನು ಕೊಂಡವರಿಗೆ ಹಿಂದಿನ ಒಡೆಯನ ಲೇಪವೂ ಜೊತೆಗೇ ಬರುತ್ತದೆ. ಬಳಿಯುವುದನ್ನು ಕಲಿಸುವವರು ಅನೇಕರಿದ್ದಾರೆ. ಕೆಡದಂತೆ ತೆಗೆಯುವುದನ್ನು ವಿವರಿಸುವವರು ಕಡಮೆ.

ಲೇಪದ ಪೂರ್ವವೃತ್ತಾಂತ

ಸುಲಿದು ತೆಗೆಯಬಲ್ಲ ಲೇಪವು ಮೊದಲು ಹುಟ್ಟಿದ್ದು ಷೋಕಿಗಾಗಿ ಅಲ್ಲ. ಎರಡನೆಯ ಮಹಾಯುದ್ಧವು ೧೯೪೫ರಲ್ಲಿ ಮುಗಿದಾಗ ಅಮೆರಿಕದ ನೌಕಾಪಡೆಯವರು ನೂರಾರು ಹಡಗುಗಳನ್ನು ಮುಂದಿನ ಅಗತ್ಯಕ್ಕೆಂದು ತೆಗೆದಿರಿಸಬೇಕಾಯಿತು. ಉಪ್ಪುಗಾಳಿಗೆ ಫಿರಂಗಿಗಳು ತುಕ್ಕು ಹಿಡಿಯದಂತೆ ಅವುಗಳ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಸಿಂಪಡಿಸಿ, ರೇಷ್ಮೆಹುಳು ಗೂಡಿನಲ್ಲಿ ಅಡಗಿದಂತೆ ಅಡಗಿಸಿಟ್ಟರು. ಬೇಕಾದಾಗ ಹೊದಿಕೆಯನ್ನು ಸೀಳಿ ತೆಗೆಯಬಹುದಾಗಿತ್ತು. ಇಂದು ವಾಹನಗಳಿಗೆ ಬಳಸುವ ಲೇಪಗಳಲ್ಲಿ ಹೆಸರುವಾಸಿಯಾದ ಪ್ಲಾಸ್ಟಿ ಡಿಪ್ ಎಂಬುದು ೧೯೭೨ರಿಂದ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ತಯಾರಾಗುತ್ತಿದೆ. ಮೊದಲು ಅದು ಇಕ್ಕುಳ, ಸ್ಪ್ಯಾನರುಗಳ ಹಿಡಿಗಳನ್ನು ಅದ್ದಿ ತೆಗೆಯುವ ದ್ರವವಾಗಿತ್ತು; ಕೈ ಜಾರದಿರಲೆಂಬುದೇ ಅದರ ಉದ್ದೇಶ. ವಾಹನದ ಮೈಗೆ ಅದು ಏರಿದ್ದು ಬಹುಕಾಲದ ಮೇಲೆ.

ಸುಲಿದು ಬರುವುದೇಕೆ?

ಈ ಲೇಪದಲ್ಲಿರುವುದು ನಮ್ಮ ತೋಟದ ರಬ್ಬರಲ್ಲ, ಕೃತಕ ರಬ್ಬರು. ಅದನ್ನು ಟಾಲ್ವೀನ್, ನ್ಯಾಫ್ತಾ ಮೊದಲಾದ ಬೇಗನೆ ಆವಿಯಾಗುವ ದ್ರಾವಕಗಳಲ್ಲಿ ಕರಗಿಸಿರುತ್ತಾರೆ. ಸಿಂಪಡಿಸಿದೊಡನೆ ದ್ರಾವಕವು ಗಾಳಿಗೆ ಹೋಗಿ, ರಬ್ಬರಿನ ತೊಗಲು ಉಳಿಯುತ್ತದೆ. ಸಾಮಾನ್ಯ ಬಣ್ಣವು ಲೋಹವನ್ನು ಬಿಗಿಯಾಗಿ ಕಚ್ಚಿಕೊಂಡರೆ, ಈ ತೊಗಲು ನುಣುಪಾದ ಮೇಲ್ಮೈಯನ್ನು ಸುಮ್ಮನೆ ತಬ್ಬಿಕೊಂಡಿರುತ್ತದೆ.

ಇಲ್ಲಿ ಎರಡು ಬಲಗಳ ಸ್ಪರ್ಧೆಯಿದೆ. ತೊಗಲಿನ ಕಣಕಣಗಳು ಪರಸ್ಪರ ಹಿಡಿದುಕೊಂಡಿರುವ ಬಲ ಒಂದು. ತೊಗಲು ಲೋಹಕ್ಕೆ ಅಂಟಿಕೊಂಡಿರುವ ಬಲ ಇನ್ನೊಂದು. ಮೊದಲನೆಯದು ಹೆಚ್ಚಾಗಿದ್ದರೆ ಎಳೆದಾಗ ತೊಗಲು ಇಡಿಯಾಗಿ ಬರುತ್ತದೆ. ಎರಡನೆಯದು ಹೆಚ್ಚಾದರೆ ತೊಗಲು ಹರಿಯುತ್ತದೆ. ದಪ್ಪ ಕಡಮೆಯಾದಂತೆ ಮೊದಲನೆಯ ಬಲವು ಕುಗ್ಗುತ್ತದೆ. ಅಂಟಿನ ಬಲವಾದರೋ ದಪ್ಪ ಕಡಮೆಯಾಯಿತೆಂದು ಕುಗ್ಗುವುದಿಲ್ಲ. ಆದುದರಿಂದ ಡಬ್ಬಿಯನ್ನು ಉಳಿಸಲು ಹೋಗಿ ಒಂದೆರಡು ಪದರ ಮಾತ್ರ ಬಳಿದವರು ತೆಗೆಯುವಾಗ ಪರಿತಪಿಸುತ್ತಾರೆ. ನಾಲ್ಕೈದು ಪದರ ಬಿದ್ದಿದ್ದರೆ ಕೆಲಸ ಸುಲಭ. ವಯಸ್ಸು ಕೂಡ ಲೆಕ್ಕಕ್ಕೆ ಬರುತ್ತದೆ. ಬಿಸಿಲು ಮತ್ತು ಕಾವು ರಬ್ಬರಿನ ಮೆದುತನವನ್ನು ಕಳೆದು, ಎರಡು ಮೂರು ವರ್ಷಗಳಲ್ಲಿ ಅದನ್ನು ಪೆಡಸಾಗಿಸುತ್ತವೆ. ಸುಲಿದು ಬರುವುದೆಂಬ ಮಾತು ದಪ್ಪವಾಗಿ ಬಳಿದವರಿಗೂ ಸಕಾಲದಲ್ಲಿ ತೆಗೆಯುವವರಿಗೂ ಅನ್ವಯಿಸುವ ಮಾತೇ ಹೊರತು ನಿರ್ಬಂಧವಿಲ್ಲದ ವಾಗ್ದಾನವಲ್ಲ.

ಮುಸುಕಿನ ಕೆಳಗೆ ಇರುವುದೇನು?

ಕೈ ಹಾಕುವ ಮೊದಲು ಕೆಳಗಿನ ವಸ್ತು ಯಾವುದೆಂದು ತಿಳಿಯಬೇಕು. ಕ್ರೋಮಿನ ಪಟ್ಟಿಯೆಂದು ನಾವು ಕರೆಯುವುದರಲ್ಲಿ ಕ್ರೋಮಿಯಂ ಇರುವುದು ಅತ್ಯಲ್ಪ. ಉಕ್ಕಿನ ಮೇಲೆ ವಿದ್ಯುತ್ತಿನ ಸಹಾಯದಿಂದ ಹಲವೊಮ್ಮೆ ಮೊದಲು ತಾಮ್ರವನ್ನು, ಅನಂತರ ನಿಕ್ಕಲ್ಲನ್ನು, ಕೊನೆಯಲ್ಲಿ ಕ್ರೋಮಿಯಮ್ಮನ್ನು ಲೇಪಿಸುತ್ತಾರೆ. ನಿಕ್ಕಲ್ಲಿನ ಪದರವು ಹತ್ತಿಪ್ಪತ್ತು ಮೈಕ್ರಾನಿನಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಇರುತ್ತದೆ. ಕ್ರೋಮಿಯಮ್ಮಿನ ಪದರವಾದರೋ ಸಾಮಾನ್ಯವಾಗಿ ಅರ್ಧ ಮೈಕ್ರಾನನ್ನೂ ಮೀರುವುದಿಲ್ಲ. ನಮ್ಮ ತಲೆಗೂದಲಿನ ದಪ್ಪವು ಸುಮಾರು ೭೦ ಮೈಕ್ರಾನು ಎಂಬುದನ್ನು ನೆನೆದರೆ ಈ ಪದರ ಎಷ್ಟು ತೆಳುವೆಂಬುದು ಮನಗಾಣುತ್ತದೆ. ಕ್ರೋಮಿಯಂ ಗಡುಸಾದ ಲೋಹವೇನೋ ಹೌದು. ಆದರೆ ಉಜ್ಜುಕಾಗದದ ನಾಲ್ಕು ಎಳೆತಕ್ಕೆ ಇಷ್ಟು ತೆಳುವಾದದ್ದು ನಿಲ್ಲಲಾರದು. ಒಮ್ಮೆ ಹೋದ ಮೇಲೆ ಪಾಲಿಷ್ ಮಾಡಿ ಮರಳಿ ತರುವಂತಿಲ್ಲ, ಹೊಸದಾಗಿ ಲೇಪಿಸಬೇಕು. ಅದು ದುಬಾರಿಯಾದ ಕೆಲಸ. ಮೇಲಾಗಿ ಆ ಉದ್ಯಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರೋಮಿಯಂ ಲವಣಗಳು ಕ್ಯಾನ್ಸರ್ ತರುವಂಥವು.

ಇಂದಿನ ವಾಹನಗಳ ಜಾಲರಿ, ಲಾಂಛನ, ಅಂಚುಪಟ್ಟಿಗಳಲ್ಲಿ ಹೆಚ್ಚಿನವು ಲೋಹವೇ ಅಲ್ಲ, ಪ್ಲಾಸ್ಟಿಕ್ಕಿನ ಮೇಲೆ ಹತ್ತಿಸಿದ ಕ್ರೋಮು. ಅಸಿಟೋನ್ ಈ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಪಟ್ಟಿಯ ಹಿಂಬದಿಯಲ್ಲಿ ಇಲ್ಲವೆ ಬಿರುಕಿನಲ್ಲಿ ಅದು ಇಳಿದರೆ ಮೇಲಿನ ಕ್ರೋಮು ಬೊಬ್ಬೆಯೇಳುತ್ತದೆ. ಚಕ್ರಗಳಲ್ಲಿಯೂ ಭೇದಗಳಿವೆ. ಬಣ್ಣ ಬಳಿದ ಉಕ್ಕಿನ ಚಕ್ರ ಒಂದು. ಪಾರದರ್ಶಕ ಮೆರುಗು ಬಳಿದ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ ಇನ್ನೊಂದು. ಏನೂ ಬಳಿಯದೆ ಉಜ್ಜಿ ಹೊಳಪಿಸಿದ ಅಲ್ಯೂಮಿನಿಯಂ ಮತ್ತೊಂದು. ಕ್ರೋಮು ಹತ್ತಿಸಿದ್ದು ಮಗದೊಂದು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ವಿಷವಾಗಬಹುದು.

ತೆಗೆಯುವ ಕ್ರಮ

ಮೊದಲು ವಾಹನವನ್ನು ಸಾಬೂನು ನೀರಿನಿಂದ ತೊಳೆದು ಮಣ್ಣು ಮರಳಿಲ್ಲದಂತೆ ಮಾಡಬೇಕು. ಮರಳಿದ್ದರೆ ಉಜ್ಜುವಾಗ ಅದೇ ಗೀರು ಹಾಕುತ್ತದೆ. ಅನಂತರ ಎಳೆ ಬಿಸಿಲಿನಲ್ಲಿ ನಿಲ್ಲಿಸಿ, ಇಲ್ಲವೆ ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯನ್ನು ಹಾಯಿಸಿ ಲೇಪವನ್ನು ಬೆಚ್ಚಗೆ ಮಾಡಬೇಕು. ಕೈಗೆ ಬೆಚ್ಚನೆನಿಸಿದರೆ ಸಾಕು. ಮೆತ್ತಗಾದ ರಬ್ಬರು ಹರಿಯದೆ ಹಿಗ್ಗುತ್ತದೆ. ಲೇಪ ದಪ್ಪವಾಗಿರುವ ಒಂದು ಅಂಚನ್ನು ಹುಡುಕಿ, ಬೆರಳತುದಿಯಿಂದ ಉರುಳಿಸಿ ಎಬ್ಬಿಸಿ, ಮೇಲ್ಮೈಗೆ ಸಮೀಪವಾಗಿ ಹಿಂದಕ್ಕೆ ಮಡಿಸಿದಂತೆ ನಿಧಾನವಾಗಿ ಎಳೆಯಬೇಕು. ರಪ್ಪನೆ ಎಳೆದರೆ ಹರಿಯುತ್ತದೆ. ಚಾಕು, ಬ್ಲೇಡುಗಳನ್ನು ದೂರವಿಡುವುದೇ ಲೇಸು.

ಲೇಪ ತೆಳುವಾಗಿದ್ದು ಹೊಟ್ಟಿನಂತೆ ಉದುರತೊಡಗಿದರೆ ಕೆರೆಯಲು ಹೊರಡಬಾರದು. ಅದರ ಮೇಲೆಯೇ ಅದೇ ಲೇಪವನ್ನು ಮತ್ತೆ ಮೂರು ನಾಲ್ಕು ಸಲ ದಪ್ಪನಾಗಿ ಸಿಂಪಡಿಸಬೇಕು. ತೆಗೆಯಬೇಕೆಂದು ಹೊರಟವರಿಗೆ ಇನ್ನಷ್ಟು ಬಳಿಯಿರೆಂದು ಹೇಳುವುದು ವಿಪರೀತವೆನಿಸಬಹುದು. ಆದರೆ ಹೊಸ ಲೇಪದ ದ್ರಾವಕವು ಹಳೆಯದನ್ನು ಮೆದುವಾಗಿಸುತ್ತದೆ. ಎರಡೂ ಬೆರೆತು ಒಂದೇ ತೊಗಲಾಗುತ್ತವೆ. ಒಂದು ರಾತ್ರಿ ಒಣಗಲು ಬಿಟ್ಟು ಮರುದಿನ ಎಳೆದರೆ ಹೊಸದು ಹಳೆಯದನ್ನೂ ಹೊತ್ತು ಬರುತ್ತದೆ. ಒಂದು ಡಬ್ಬಿಯ ಬೆಲೆಯಲ್ಲಿ ಹಲವು ತಾಸುಗಳ ಶ್ರಮವೂ ಕ್ರೋಮಿನ ಮೆರುಗೂ ಉಳಿಯುತ್ತವೆ.

ಮೂಲೆ ಮುಡುಕುಗಳಲ್ಲಿ ಉಳಿದ ಚೂರುಗಳಿಗೆ ಮಾತ್ರ ದ್ರಾವಕ ಬೇಕಾಗುತ್ತದೆ. ತುಕ್ಕುಬಿಡಿಸಲು ಬಳಸುವ ಡಬ್ಲ್ಯುಡಿ-೪೦ನಂತಹ ಎಣ್ಣೆ ಅಥವಾ ಬಣ್ಣದಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನನ್ನು ಮೆತ್ತನೆಯ ಬಟ್ಟೆಗೆ ಹಾಕಿಕೊಂಡು, ಚೂರಿನ ಮೇಲೆ ಕೆಲವು ನಿಮಿಷ ಒತ್ತಿಟ್ಟು, ಬಳಿಕ ಉಜ್ಜಬೇಕು. ಯಾವುದನ್ನೇ ಆಗಲಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸತಕ್ಕದ್ದು. ಗ್ಯಾರೇಜುಗಳಲ್ಲಿ ಥಿನ್ನರ್ ಸುರಿಯುವ ಅಭ್ಯಾಸವಿದೆ. ಥಿನ್ನರು ರಬ್ಬರನ್ನು ಕ್ಷಣದಲ್ಲಿ ಕರಗಿಸುವುದೇನೋ ನಿಜ. ಆದರೆ ಪಕ್ಕದ ಬಣ್ಣವನ್ನೂ ಚಕ್ರದ ಮೆರುಗನ್ನೂ ಪ್ಲಾಸ್ಟಿಕ್ಕನ್ನೂ ಅದು ಬಿಡುವುದಿಲ್ಲ.

ಚಕ್ರಗಳಲ್ಲಿ ಪ್ರಾಣದ ಪ್ರಶ್ನೆ

ಅಂಚುಪಟ್ಟಿ ಕೆಟ್ಟರೆ ಅಂದ ಕೆಡುತ್ತದೆ. ಚಕ್ರದಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಚಕ್ರವನ್ನು ಕಳಚಿ ಕೆಲಸ ಮಾಡುವುದು ಉತ್ತಮ. ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿಯನ್ನು ಮಾತ್ರ ನಂಬದೆ ಭದ್ರವಾದ ಆಧಾರವಿಡಬೇಕು. ಚಕ್ರ ಕಳಚದೆ ಮಾಡುವುದಾದರೆ ಬ್ರೇಕಿನ ತಟ್ಟೆಯನ್ನು ಚೆನ್ನಾಗಿ ಮುಚ್ಚಬೇಕು. ಆ ತಟ್ಟೆಗೆ ಎಣ್ಣೆಯ ಹನಿ ಬಿದ್ದರೆ ಬ್ರೇಕು ಹಿಡಿಯದು. ಘಾಟಿಯ ತಿರುವಿನಲ್ಲಿ ಅದರ ಪರಿಣಾಮವೇನೆಂದು ವಯನಾಡು, ನೀಲಗಿರಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಚಕ್ರದ ನಟ್ಟುಗಳು ಕೂರುವ ಕುಳಿಗಳಲ್ಲಿಯೂ, ಚಕ್ರವು ಗುಂಬಕ್ಕೆ ಒತ್ತಿಕೊಳ್ಳುವ ಜಾಗದಲ್ಲಿಯೂ ರಬ್ಬರಿನ ಲವಲೇಶವೂ ಉಳಿಯಕೂಡದು. ಲೋಹಗಳ ನಡುವೆ ಮೆತ್ತನೆಯ ಪದರವಿದ್ದರೆ ಬಿಗಿದಾಗ ಬಿಗಿಯೆನಿಸಿ, ಓಡಾಟದಲ್ಲಿ ಅದು ಹಿಚುಕಿಹೋಗಿ ನಟ್ಟು ಸಡಿಲಾಗುತ್ತದೆ. ಮರಳಿ ಜೋಡಿಸುವಾಗ ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿದು, ೫೦ರಿಂದ ೧೦೦ ಕಿಲೋಮೀಟರು ಓಡಿದ ಬಳಿಕ ಇನ್ನೊಮ್ಮೆ ಪರೀಕ್ಷಿಸಬೇಕು. ದೀಪಗಳ ಮೇಲೂ ಪ್ರತಿಫಲಕಗಳ ಮೇಲೂ ಲೇಪ ಹಾರಿದ್ದರೆ ಮೊದಲು ಅದನ್ನೇ ತೆಗೆಯುವುದು ವಿಹಿತ.

ಮನೆಯವರು ಗಮನಿಸಬೇಕಾದುದು

ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕುದಿಸಿದರೆ ಅದು ಕಪ್ಪಾಗುವುದನ್ನು ಗೃಹಿಣಿಯರು ಬಲ್ಲರು. ಕ್ಷಾರಕ್ಕೂ ಅಲ್ಯೂಮಿನಿಯಮ್ಮಿಗೂ ಆಗದು. ಆದಕಾರಣ ಸೋಡಾ, ಕಾಸ್ಟಿಕ್ ಬೆರೆತ ಶುದ್ಧಿಕಾರಕಗಳನ್ನು ಅಂತಹ ಚಕ್ರಗಳಿಗೆ ಬಳಸಬಾರದು. ಶೌಚಾಲಯ ತೊಳೆಯುವ ಆಮ್ಲವು ಕ್ರೋಮನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಪಾತ್ರೆ ತಿಕ್ಕುವ ಉಕ್ಕಿನ ನಾರೂ ಬೇಡ.

ಎಲ್ಲಕ್ಕೂ ಮಿಗಿಲಾಗಿ, ಪೆಟ್ರೋಲನ್ನು ಬಳಸಕೂಡದು. ಅದು ರಬ್ಬರನ್ನು ಕರಗಿಸುತ್ತದೆ, ಮನೆಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಅದರ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಿದು ಹೋಗಿ ದೂರದ ಒಲೆಯಿಂದಲೋ ಬೀಡಿಯ ಕಿಡಿಯಿಂದಲೋ ಹೊತ್ತಿಕೊಳ್ಳಬಲ್ಲದು. ಯಾವ ದ್ರಾವಕವನ್ನೇ ಬಳಸಲಿ, ಬೆಂಕಿಯಿಂದ ದೂರವಾಗಿ, ಗಾಳಿಯಾಡುವ ಬಯಲಿನಲ್ಲಿ, ಕೈಗವಸು ಧರಿಸಿ ಕೆಲಸ ಮಾಡಬೇಕು. ಬಿಸಿಗಾಳಿಯ ಯಂತ್ರವನ್ನೂ ದ್ರಾವಕವನ್ನೂ ಒಂದೇ ವೇಳೆ ಬಳಸುವುದು ಅನಾಹುತಕ್ಕೆ ಆಹ್ವಾನ. ಮಕ್ಕಳೂ ಗರ್ಭಿಣಿಯರೂ ಆ ಕಡೆ ಸುಳಿಯದಿರಲಿ. ಸುಲಿದ ರಬ್ಬರನ್ನು ಸುಡದೆ, ಚರಂಡಿಗೆ ಎಸೆಯದೆ ಕಸದೊಡನೆ ಕೊಡಬೇಕು. ದ್ರಾವಕದ ಬಟ್ಟೆಯನ್ನು ಮುದ್ದೆಮಾಡದೆ ಹೊರಗೆ ಹರಡಿ ಒಣಗಿಸಬೇಕು.

ಕೆಲಸ ಮುಗಿದ ಮೇಲೆ

ಲೇಪ ಹೋದ ಕ್ರೋಮನ್ನು ಸಾಬೂನು ನೀರಿನಿಂದ ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿ, ತೆಳ್ಳಗೆ ಮೇಣ ಬಳಿಯಬೇಕು. ಕೆಲವೆಡೆ ತುಕ್ಕಿನ ಕಂದು ಚುಕ್ಕೆಗಳು ಕಾಣಿಸಬಹುದು. ಲೇಪದ ಸೀಳಿನಿಂದ ಒಳಹೊಕ್ಕ ನೀರು ಹೊರಬರಲಾರದೆ, ಕ್ರೋಮಿನ ಸೂಕ್ಷ್ಮ ರಂಧ್ರಗಳ ಮೂಲಕ ಉಕ್ಕನ್ನು ಮುಟ್ಟಿದುದರ ಗುರುತು ಅದು. ಅಡಿಗೆಮನೆಯಲ್ಲಿ ಬಳಸುವ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಉಂಡೆಮಾಡಿ, ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿದರೆ ಮೇಲುಮೇಲಿನ ತುಕ್ಕು ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದುವಾದುದರಿಂದ ಗೀರು ಬೀಳುವ ಭಯ ಕಡಮೆ. ಕ್ರೋಮು ಸಿಪ್ಪೆಯೆದ್ದಿದ್ದರೆ ಮಾತ್ರ ಮನೆಯ ಮದ್ದಿಲ್ಲ.

ಮತ್ತೊಮ್ಮೆ ಲೇಪಿಸುವ ಮನಸ್ಸಿದ್ದವರು ಎರಡು ಸಂಗತಿಗಳನ್ನು ಬರೆದಿಟ್ಟುಕೊಳ್ಳಲಿ: ಎಷ್ಟು ಪದರ ಬಳಿದಿರಿ, ಯಾವ ತಿಂಗಳು ಬಳಿದಿರಿ. ಐದು ಪದರಕ್ಕೆ ಕಡಮೆಯಿಲ್ಲದಂತೆ ಬಳಿದು, ಎರಡು ಮಳೆಗಾಲ ಕಳೆದೊಡನೆ ತೆಗೆದರೆ ಒಂದು ಬೆಳಗಿನ ಕೆಲಸದಲ್ಲಿ ಮುಗಿಯುತ್ತದೆ. ವಾಹನವನ್ನು ಮಾರುವವರು ಕೊಳ್ಳುವವರಿಗೆ ಈ ಎರಡು ಮಾತು ತಿಳಿಸಿದರೆ ಅವರ ಶ್ರಮವೂ ಅಷ್ಟರಮಟ್ಟಿಗೆ ತಪ್ಪುತ್ತದೆ.