ವೃತ್ತಿಯೋ, ವ್ಯಾಪಾರವೋ?

ಪದಗಳ ಅರ್ಥವನ್ನು ನಿಷ್ಕರ್ಷಿಸುವುದು ನಿಘಂಟುಕಾರರ ಮತ್ತು ವಿಮರ್ಶಕರ ಕೆಲಸವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನ್ಯಾಯಾಲಯಗಳೂ ಆ ಕೆಲಸವನ್ನು ಮಾಡುತ್ತವೆ. ಅಲ್ಲಿ ಒಂದು ಪದದ ಅರ್ಥ ಹಿಗ್ಗಿದರೂ ಕುಗ್ಗಿದರೂ ಅದರ ಪರಿಣಾಮ ಎಷ್ಟೋ ಸಂಸಾರಗಳಿಗೆ ತಟ್ಟುತ್ತದೆ. ಮನೆ ಜಮೀನುಗಳ ದಲ್ಲಾಳಿಗಳ ವಿಷಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1950ರಲ್ಲಿ ಕೊಟ್ಟ ತೀರ್ಪು ಅಂಥದೊಂದು.

ವಾಷಿಂಗ್ಟನ್ ನಗರದ ದಲ್ಲಾಳಿಗಳ ಮಂಡಲಿಯು ತನ್ನ ಸದಸ್ಯರು ಪಡೆಯಬೇಕಾದ ದಲ್ಲಾಳಿಯ ದರವನ್ನು ಗೊತ್ತುಮಾಡಿತ್ತು. ಅದಕ್ಕಿಂತ ಕಡಮೆ ದರಕ್ಕೆ ಯಾರೂ ಕೆಲಸವನ್ನು ಕೇಳಿಕೊಂಡು ಹೋಗಕೂಡದೆಂಬ ವಿಧಿಯು ಅದರ ನೀತಿಸಂಹಿತೆಯಲ್ಲಿಯೇ ಸೇರಿತ್ತು. ಬೆಲೆಯ ಕಟ್ಟಳೆಗೆ ನೀತಿಯ ಹೆಸರು! ಮನೆ ಮಾರುವವನು ಯಾವ ಸದಸ್ಯನ ಬಾಗಿಲಿಗೆ ಹೋದರೂ ಬಹುಮಟ್ಟಿಗೆ ಅದೇ ದರವನ್ನು ತೆರಬೇಕಾಗಿತ್ತು.

1890ರ ಶೆರ್ಮನ್ ಕಾಯಿದೆಯು ‘ವ್ಯಾಪಾರ’ಕ್ಕೆ ಅಡ್ಡಿಯಾಗುವ ಒಪ್ಪಂದಗಳನ್ನು ನಿಷೇಧಿಸುತ್ತದೆ. ಸರಕಾರವು ಇದನ್ನು ಆಧರಿಸಿ ದಾವೆ ಹೂಡಿತು. ಸರಕನ್ನಲ್ಲದೆ ಕೇವಲ ಸೇವೆಯನ್ನು ಮಾರುವುದು ವ್ಯಾಪಾರವಾದೀತೆ ಎಂಬುದೇ ಆಗ ಎದ್ದ ಪ್ರಶ್ನೆ. ನ್ಯಾಯಮೂರ್ತಿ ಡಗ್ಲಸ್ ಅವರು ನ್ಯಾಯಮೂರ್ತಿ ಸ್ಟೋರಿಯವರ ಶತಮಾನದಷ್ಟು ಹಳೆಯ ವ್ಯಾಖ್ಯಾನವೊಂದನ್ನು ಆಧರಿಸಿದರು: ಲಾಭಕ್ಕಾಗಿ ಅಥವಾ ಜೀವನೋಪಾಯಕ್ಕಾಗಿ ನಡೆಸುವ ಉದ್ಯೋಗವೆಲ್ಲವೂ ವ್ಯಾಪಾರವೇ, ಉದಾರ ಕಲೆಗಳೂ ವಿದ್ವದ್ವೃತ್ತಿಗಳೂ ಮಾತ್ರ ಅದಕ್ಕೆ ಹೊರಗು. ದರಕಟ್ಟಿನ ಉದ್ದೇಶ ಎಷ್ಟೇ ಉದಾತ್ತವಾಗಿದ್ದರೂ ಅದನ್ನು ತೂಗುವುದು ನ್ಯಾಯಾಲಯದ ಕೆಲಸವಲ್ಲವೆಂದೂ ಅವರು ಹೇಳಿದರು. ಹೀಗೆ ವಾಷಿಂಗ್ಟನ್ ಮಂಡಲಿಯು ಸೋತಿತು; ದಲ್ಲಾಳಿಗಳ ರಾಷ್ಟ್ರೀಯ ಸಂಘವು ಮಾತ್ರ ಸಾಕಷ್ಟು ಪುರಾವೆಯಿಲ್ಲದ ಕಾರಣ ಪಾರಾಯಿತು.

ನ್ಯಾಯಮೂರ್ತಿ ಜ್ಯಾಕ್ಸನ್ ಇದಕ್ಕೆ ಒಪ್ಪಲಿಲ್ಲ. ದಲ್ಲಾಳಿಯನ್ನು ಇತರ ವೃತ್ತಿಗಳವರಿಂದ ಬೇರ್ಪಡಿಸುವುದಾದರೆ ಅದಕ್ಕೆ ಒರೆಗಲ್ಲು ಯಾವುದೆಂದು ಅವರು ಕೇಳಿದರು. ಯೋಗ್ಯವಾದ ಪ್ರಶ್ನೆಯೇ. ಇಪ್ಪತ್ತೈದು ವರ್ಷಗಳ ತರುವಾಯ ಅದು ಸ್ವತಃ ವಕೀಲರ ಮನೆಬಾಗಿಲಿಗೇ ಬಂದು ನಿಂತಿತು. ವರ್ಜೀನಿಯದಲ್ಲಿ ಮನೆ ಕೊಳ್ಳಹೊರಟ ದಂಪತಿಗಳು ಅದರ ಹಕ್ಕುಪತ್ರಗಳನ್ನು ಪರಿಶೀಲಿಸಿಕೊಡಬೇಕೆಂದು ವಕೀಲರೊಬ್ಬರನ್ನು ಕೇಳಿದರು. ಅವರು ವಕೀಲರ ಸಂಘವು ಗೊತ್ತುಮಾಡಿದ ಕನಿಷ್ಠ ಶುಲ್ಕವನ್ನು ಹೇಳಿದರು. ದಂಪತಿಗಳು ಮತ್ತೆ 36 ವಕೀಲರಿಗೆ ಪತ್ರ ಬರೆದರು. ಉತ್ತರಿಸಿದವರು 19 ಮಂದಿ. ಅದಕ್ಕಿಂತ ಕಡಮೆಗೆ ಒಪ್ಪಿದವರು ಒಬ್ಬರೂ ಇಲ್ಲ. ವಿದ್ವದ್ವೃತ್ತಿಯೆಂಬ ಹೆಸರು ಇಂಥ ಕಟ್ಟಿಗೆ ರಕ್ಷೆಯಾಗದೆಂದು ಅದೇ ನ್ಯಾಯಾಲಯವು 1975ರಲ್ಲಿ ತೀರ್ಪಿತ್ತಿತು.

ದಲ್ಲಾಳಿಗಳ ಕಥೆಯೂ 1950ಕ್ಕೆ ಮುಗಿಯಲಿಲ್ಲ. ಅಂದು ಪಾರಾದ ರಾಷ್ಟ್ರೀಯ ಸಂಘವು, ಈಗ ಬೇರೆ ಹೆಸರಿನಿಂದ, ದಲ್ಲಾಳಿಯ ಹಣಕ್ಕೆ ಸಂಬಂಧಿಸಿದ ತನ್ನ ನಿಯಮಗಳ ಮೇಲಿನ ದಾವೆಗಳ ರಾಜಿಗಾಗಿ 2024ರ ಮಾರ್ಚಿಯಲ್ಲಿ 41.8 ಕೋಟಿ ಡಾಲರು ಕೊಡಲು ಒಪ್ಪಿತು.

‘ವೃತ್ತಿ’ ಎಂಬ ಪದಕ್ಕೆ ನಡತೆಯೆಂಬ ಅರ್ಥವೂ ಉಂಟು, ಜೀವನೋಪಾಯವೆಂಬ ಅರ್ಥವೂ ಉಂಟು. ಆ ಎರಡನ್ನೂ ಒಂದೇ ಪದ ಹೊತ್ತಿರುವುದು ನಮ್ಮ ಭಾಷೆಯ ಸೊಗಸು. ಆದರೆ ಜೀವನೋಪಾಯದ ಬೆಲೆಯನ್ನು ನಡತೆಯ ಸಂಹಿತೆಯಲ್ಲಿ ಬರೆದಿಟ್ಟಾಗ, ಅದರಿಂದ ಯಾರಿಗೆ ಲಾಭವೆಂದು ಹಣ ತೆರುವವನು ಕೇಳಲೇಬೇಕಾಗುತ್ತದೆ.