ರೋಮವಿಲ್ಲದ ಸಣ್ಣ ನಾಯಿಗಳ ಚರ್ಮರಕ್ಷಣೆ

ಕಾಫಿ ಸೀಮೆಯಲ್ಲಿ ತೋಟದ ಮನೆಗೂ ಕಣಕ್ಕೂ ನಾಯಿಯ ಕಾವಲು ಅವಶ್ಯವಾದುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಪ್ರಾಂತಗಳಲ್ಲಿ ಮೈ ಬೋಳಾದ ನಾಯಿಯು ಕಂಡುಬಂದರೆ, ಅದು ತಳಿಯ ಗುಣವೋ ರೋಗದ ಫಲವೋ ಎಂಬುದನ್ನು ಮೊದಲು ನಿರ್ಣಯಿಸತಕ್ಕದ್ದು. ಇದನ್ನರಿಯದೆ, ಗುಣವಾಗಬಲ್ಲ ನಾಯಿಯನ್ನು ಊರಾಚೆ ಬಿಟ್ಟುಬಿಟ್ಟರೆ ರೋಗವು ನೆರೆಯೂರಿನ ನಾಯಿಗಳಿಗೂ ಹರಡುವುದು.

ಹುಟ್ಟಿನಿಂದಲೇ ರೋಮವಿಲ್ಲದ ತಳಿಗಳು ಮೆಕ್ಸಿಕೋ, ಪೆರು ದೇಶಗಳಲ್ಲಿ ಪುರಾತನ ಕಾಲದಿಂದಲೂ ಇರುವುವು. ಚೈನೀಸ್ ಕ್ರೆಸ್ಟೆಡ್ ಎಂಬುದೂ ಇಂತಹುದೇ. ಈ ಮೂರಕ್ಕೂ ಒಂದೇ ವಂಶವಾಹಿಯ ವ್ಯತ್ಯಾಸವು ಕಾರಣವೆಂದು 2008ರಲ್ಲಿ ಪ್ರಕಟವಾಯಿತು. ಇಂತಹ ನಾಯಿಯನ್ನು ರೋಮವುಳ್ಳ ನಾಯಿಯೊಡನೆ ಕೂಡಿಸಿದರೆ ಹುಟ್ಟುವ ಮಿಶ್ರತಳಿಯ ಮರಿಗಳಲ್ಲಿ ಸರಾಸರಿ ಅರ್ಧದಷ್ಟು ಬೋಳಾಗಿರುವುವು. ಇವುಗಳ ಚರ್ಮವು ನುಣುಪು, ತುರಿಕೆಯಿಲ್ಲ, ಹಲ್ಲುಗಳು ಅನೇಕವೇಳೆ ಕಡಿಮೆ.

ಇದಕ್ಕೆ ಪ್ರತಿಯಾಗಿ, ಮೊದಲು ರೋಮವಿದ್ದು, ಅನಂತರ ಕಿವಿಯಂಚು ಮೊಣಕೈಗಳಲ್ಲಿ ಉದುರಿ, ಹಕ್ಕಳೆಗಟ್ಟಿ, ನಾಯಿಯು ಹಗಲಿರುಳು ಕೆರೆದುಕೊಳ್ಳುತ್ತಿದ್ದರೆ ಬಹುಮಟ್ಟಿಗೆ ಅದು ಕಜ್ಜಿಯೆಂದು ತಿಳಿಯಬೇಕು. ಅತಿ ಸೂಕ್ಷ್ಮವಾದ ನುಸಿಗಳು ಚರ್ಮವನ್ನು ಕೊರೆಯುವುದರಿಂದ ಇದು ಉಂಟಾಗುವುದು. ಮನುಷ್ಯರಿಗೂ ಕೆಲಕಾಲ ತುರಿಕೆ ತರುವುದು. ಇದಕ್ಕೆ ಹಳೆಯ ಎಂಜಿನ್ ಎಣ್ಣೆಯನ್ನು ಬಳಿಯಕೂಡದು. ನಾಯಿಯು ನೆಕ್ಕಿದರೆ ಅದು ವಿಷವಾಗುವುದು. ಪಶುವೈದ್ಯರಿಗೆ ತೋರಿಸಿ, ಒಡನಿರುವ ನಾಯಿಗಳೆಲ್ಲಕ್ಕೂ ಏಕಕಾಲದಲ್ಲಿ ಚಿಕಿತ್ಸೆ ಮಾಡಿಸತಕ್ಕದ್ದು.

ಬೋಳಿಗೆ ಕಾರಣವೇನೇ ಇರಲಿ, ಹವೆಯ ರಕ್ಷಣೆಯು ಒಂದೇ. ಸಣ್ಣ ಶರೀರದಲ್ಲಿ ತೂಕಕ್ಕಿಂತ ಚರ್ಮದ ಹರವಿನ ಪ್ರಮಾಣ ಹೆಚ್ಚು. ರೋಮವೂ ಇಲ್ಲದಿದ್ದರೆ ಮೈಶಾಖವು ಬೇಗನೆ ಹೊರಹೋಗುವುದು. ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ನೆಲದಿಂದೆತ್ತರಿಸಿದ ಹಲಗೆಯ ಮೇಲೆ ಒಣ ಗೋಣಿತಾಟನ್ನು ಹಾಸಿ, ಗಾಳಿ ಹೊಡೆಯದ ಕಡೆ ಮಲಗಿಸಬೇಕು. ನೆನೆದು ಬಂದೊಡನೆ ಒರಸಿ, ಕಾಲ್ಬೆರಳ ಸಂದುಗಳಲ್ಲಿಯೂ ಕಿವಿಯೊಳಗೂ ಇಂಬಳ, ಉಣ್ಣೆಗಳನ್ನು ಹುಡುಕಿ ತೆಗೆಯಬೇಕು. ಚಳಿಯಲ್ಲಿ ಒಲೆಯ ಬಳಿ ಸುಟ್ಟುಕೊಳ್ಳದಂತೆಯೂ, ಬೇಸಗೆಯ ನಡುಹಗಲಲ್ಲಿ ಬರಿಯ ಕಣದಲ್ಲಿ ಬಿಸಿಲು ತಾಗದಂತೆಯೂ ನೋಡಿಕೊಳ್ಳಬೇಕು. ಉಗುರು ಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ಮೈತೊಳೆದು, ಪೂರ್ಣವಾಗಿ ಆರಿಸಬೇಕು.

ತೋಟಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ದಿನ, ಎಲೆಗಳು ಒಣಗುವವರೆಗೆ ನಾಯಿಯನ್ನು ಕಟ್ಟಿಹಾಕುವುದು ಉಚಿತವು. ಬರಿಯ ಚರ್ಮಕ್ಕೆ ತಾಗಿದ್ದು ನಾಲಗೆಗೂ ತಲಪುವುದು.

ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಮನೆಯ ನಾಯಿಗೆ ಮೊದಲು ಚಿಕಿತ್ಸೆ ಮಾಡಿಸಿದರೆ, ಲೈನುಮನೆಗಳವರೂ ಅದನ್ನನುಸರಿಸುವರು. ಒಂದು ಮನೆಯ ಉದಾಸೀನದಿಂದ ಇಡೀ ಊರಿಗೆ ಕಜ್ಜಿ ಹರಡುವುದು ತಪ್ಪುವುದು.